ಬೆಂಗಳೂರಿನಲ್ಲಿದ್ದುಕೊಂಡೇ ಸಂಗಾತಿಗೆ ಅಮೆರಿಕದ ವಲಸೆ ವೀಸಾ ಮಾಡಿಸುವುದು ಹೇಗೆ?

"ನಾನು ಅಮೆರಿಕದ ಸಿಟಿಜನ್. ಕೆಲವು ವರ್ಷಗಳಿಂದ ಬೆಂಗಳೂರಿನಲ್ಲೇ ಇದ್ದೇನೆ, ಮದುವೆಯೂ ಇಲ್ಲೇ ಆಯಿತು. ಈಗ ಇಬ್ಬರೂ ಅಮೆರಿಕಕ್ಕೆ ಹೋಗಿ ನೆಲೆಸಬೇಕು ಅಂತಿದ್ದೇವೆ. ನಾನು ಮೊದಲು ಅಲ್ಲಿಗೆ ಹೋಗಿ ಅರ್ಜಿ ಹಾಕಬೇಕಾ? ಇಲ್ಲಿಂದಲೇ ಆಗುತ್ತಾ?"

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತಿದೆ. ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಅದೇ. ಉತ್ತರ: ಇಲ್ಲಿಂದಲೇ ಆಗುತ್ತದೆ. ನಾನೂ ನನ್ನ ಹೆಂಡತಿಯೂ ಮೈಸೂರಿನಲ್ಲಿ ಒಂದೇ ಮನೆಯಲ್ಲಿದ್ದುಕೊಂಡು ಈ ಕೆಲಸ ಮುಗಿಸಿದೆವು. ಒಂದು ದಿನವೂ ಅದಕ್ಕಾಗಿ ದೂರ ಇರಬೇಕಾಗಲಿಲ್ಲ.

ಆದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ವೀಸಾದ ಬಗ್ಗೆ ನಿಮಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಗಂಡ ಡಲ್ಲಾಸಿನಲ್ಲಿ, ಹೆಂಡತಿ ದಾವಣಗೆರೆಯಲ್ಲಿ ಇರುವಂಥ ಜೋಡಿಗಳಿಗಾಗಿ ಹೇಳಿದವು. ಅವರಿಗೆ ಕಷ್ಟವಾಗುವುದು ಮದುವೆ ನಿಜವಾದದ್ದು ಎಂದು ತೋರಿಸುವುದು. ಒಟ್ಟಿಗೆ ಸಂಸಾರ ಮಾಡುತ್ತಿರುವ ನಮಗೆ ಅದು ಸುಲಭ. ನಮಗೆ ಕಷ್ಟವಾಗುವುದು ಎರಡೇ: ಅಮೆರಿಕದಲ್ಲಿ ನಮಗೊಂದು ಮನೆ ಇದೆ ಅಥವಾ ಇರಲಿದೆ ಎಂದು ತೋರಿಸುವುದು, ಮತ್ತು ಅಲ್ಲಿನ ಟ್ಯಾಕ್ಸ್ ಲೆಕ್ಕ. ಇದು ಗೊತ್ತಿಲ್ಲದೆ ಹೊರಟವರು ಎಲ್ಲ ಮುಗಿಯಿತು ಅಂದುಕೊಂಡ ಹೊತ್ತಿಗೆ ಸಿಕ್ಕಿಹಾಕಿಕೊಳ್ಳುತ್ತಾರೆ. ಅದಕ್ಕೇ ಆ ಭಾಗವನ್ನು ಇಲ್ಲಿ ಜಾಸ್ತಿ ಬಿಡಿಸಿ ಬರೆದಿದ್ದೇನೆ.

ಇದು ಯಾರಿಗೆ?

ಗಂಡ ಹೆಂಡಿರಲ್ಲಿ ಒಬ್ಬರು ಅಮೆರಿಕದ ಸಿಟಿಜನ್ ಆಗಿರಬೇಕು. ಆಗ ಸಂಗಾತಿಯನ್ನು 'ಹತ್ತಿರದ ಸಂಬಂಧಿ' ಎಂದು ಪರಿಗಣಿಸುತ್ತಾರೆ. ವರ್ಷಕ್ಕೆ ಇಷ್ಟೇ ವೀಸಾ ಎಂಬ ಮಿತಿ ಇರುವುದಿಲ್ಲ. ನೀವು ಗ್ರೀನ್ ಕಾರ್ಡ್ ಇರುವವರಾಗಿದ್ದರೆ ದಾರಿ ಬೇರೆ. ಎಫ್‌2ಎ ಎಂಬ ವರ್ಗದಲ್ಲಿ ಸರದಿ ಕಾಯಬೇಕು. ಜೊತೆಗೆ, ಗ್ರೀನ್ ಕಾರ್ಡ್ ಇಟ್ಟುಕೊಂಡು ವರ್ಷಗಟ್ಟಲೆ ಭಾರತದಲ್ಲಿದ್ದರೆ ಆ ಕಾರ್ಡಿಗೇ ಕುತ್ತು ಬರಬಹುದು. ಅಂಥವರು ಮೊದಲು ಒಬ್ಬ ಇಮಿಗ್ರೇಷನ್ ವಕೀಲರನ್ನು ಕಾಣುವುದು ಒಳ್ಳೆಯದು.

ಮುಂದೆ ಪದೇ ಪದೇ ಬರುವ ಕೆಲವು ಪದಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಅರ್ಜಿ ಹಾಕುವ ಅಮೆರಿಕನ್ ಸಿಟಿಜನ್ ಪಿಟಿಷನರ್. ವೀಸಾ ಪಡೆಯುವ ಸಂಗಾತಿ ಬೆನಿಫಿಷಿಯರಿ. ಯುಎಸ್‌ಸಿಐಎಸ್ ಎಂದರೆ ಅಮೆರಿಕದ ಒಳಗಿನ ವಲಸೆ ಇಲಾಖೆ, ಮೊದಲ ಅರ್ಜಿ ನೋಡುವುದು ಅದೇ. ಎನ್‌ವಿಸಿ ಎಂದರೆ ನ್ಯಾಷನಲ್ ವೀಸಾ ಸೆಂಟರ್, ಸಂದರ್ಶನಕ್ಕೆ ಮೊದಲು ಕಾಗದಪತ್ರ ಜೋಡಿಸುವ ಕಚೇರಿ. ಸಂಗಾತಿ ಅಮೆರಿಕಕ್ಕೆ ಕಾಲಿಡುವ ದಿನ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಸಿಆರ್-1, ತುಂಬಿದ್ದರೆ ಐಆರ್-1. ಸಿಆರ್-1ರಲ್ಲಿ ಸಿಗುವ ಗ್ರೀನ್ ಕಾರ್ಡ್ ಎರಡು ವರ್ಷದ್ದು, ಐಆರ್-1ರಲ್ಲಿ ಹತ್ತು ವರ್ಷದ್ದು.

ಹಂತ 1: ಅರ್ಜಿಗೆ ಮೊದಲು ಹೆಸರು ಮತ್ತು ಮದುವೆ ಸರ್ಟಿಫಿಕೇಟ್ ಸರಿಮಾಡಿಕೊಳ್ಳಿ

ನಮ್ಮ ಕಡೆಯವರಿಗೆ ಮೊದಲ ತೊಡಕು ಹೆಸರಿನದ್ದು. ಊರ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿರುತ್ತವೆ, ಸರ್‌ನೇಮ್ ಅಂತ ಒಂದು ಇರುವುದೇ ಇಲ್ಲ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ, ಮದುವೆಯಾದ ಮೇಲೆ ಬ್ಯಾಂಕಿನಲ್ಲಿ ಮತ್ತೊಂದು ಥರ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಇರುವ ಹೆಸರು ಸರ್‌ನೇಮ್ ಜಾಗಕ್ಕೆ ಹೋಗುತ್ತದೆ. ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಬೀಳುತ್ತದೆ, ಅಂದರೆ 'ಮೊದಲ ಹೆಸರು ಗೊತ್ತಿಲ್ಲ'. ಅದೇ ಗ್ರೀನ್ ಕಾರ್ಡಿಗೂ ಬರುತ್ತದೆ, ಅಲ್ಲಿಂದ ಡ್ರೈವಿಂಗ್ ಲೈಸೆನ್ಸಿಗೆ, ಬ್ಯಾಂಕಿಗೆ, ಎಲ್ಲ ಕಡೆಗೂ. ನನ್ನ ಹೆಂಡತಿಯ ಪಾಸ್‌ಪೋರ್ಟ್ ಹೀಗೇ ಇತ್ತು. ಅರ್ಜಿಗೆ ಮೊದಲೇ ಪಾಸ್‌ಪೋರ್ಟ್ ರೀಇಶ್ಯೂ ಮಾಡಿಸಿ ಹೆಸರು ಮತ್ತು ಸರ್‌ನೇಮ್ ಬೇರೆ ಮಾಡಿಸಿಕೊಂಡೆವು. ಆ ಕೆಲಸವನ್ನು ನೀವೂ ಮೊದಲೇ ಮಾಡಿ. ನಡುವೆ ಮಾಡಿದರೆ ಎಲ್ಲ ಕಡೆಯೂ ತಿದ್ದಿಸುತ್ತಾ ಕೂರಬೇಕಾಗುತ್ತದೆ.

ಇನ್ನು ಮದುವೆ. ದೇವಸ್ಥಾನದ ರಸೀತಿ, ಕಲ್ಯಾಣ ಮಂಟಪದವರು ಕೊಟ್ಟ ಪತ್ರ, ಲಗ್ನಪತ್ರಿಕೆ ಯಾವುದೂ ಮದುವೆ ಸರ್ಟಿಫಿಕೇಟ್ ಅಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿಯಾದ ಪ್ರಮಾಣಪತ್ರವೇ ಬೇಕು. ಕರ್ನಾಟಕದಲ್ಲಿ ಈಗ ಕಾವೇರಿ ಜಾಲತಾಣದ ಮೂಲಕವೂ ಮದುವೆ ನೋಂದಣಿಗೆ ಅರ್ಜಿ ಹಾಕಬಹುದು. ಸ್ಪೆಷಲ್ ಮ್ಯಾರೇಜ್ ಆಕ್ಟ್ ಅಡಿ ಮದುವೆಯಾಗುವುದಾದರೆ 30 ದಿನದ ನೋಟಿಸ್ ಇರುತ್ತದೆ, ಆ ಲೆಕ್ಕ ಇಟ್ಟುಕೊಳ್ಳಿ. ಇಬ್ಬರಲ್ಲಿ ಯಾರಿಗಾದರೂ ಹಿಂದೆ ಮದುವೆಯಾಗಿದ್ದರೆ ಕೋರ್ಟಿನ ಡೈವೋರ್ಸ್ ಡಿಕ್ರಿ, ಇಲ್ಲವೇ ಮರಣ ಪ್ರಮಾಣಪತ್ರ ಬೇಕು. ಊರ ಹಿರಿಯರ ಮುಂದೆ ಆದ ರಾಜಿಪತ್ರ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಹಂತ 2: ಐ-130 ಅರ್ಜಿ

ಐ-130 ಎಂದರೆ "ಇವರು ನನ್ನ ಹೆಂಡತಿ" ಅಥವಾ "ಇವರು ನನ್ನ ಗಂಡ" ಎಂದು ನೀವು ಯುಎಸ್‌ಸಿಐಎಸ್‌ಗೆ ತಿಳಿಸುವ ಅರ್ಜಿ. ಜೊತೆಗೆ ಸಂಗಾತಿಯ ವಿವರಗಳಿಗಾಗಿ ಐ-130ಎ ಎಂಬ ಇನ್ನೊಂದು ಫಾರ್ಮ್ ಇದೆ. ಇದನ್ನು ಭಾರತದಲ್ಲಿ ಕೂತು ಆನ್‌ಲೈನ್‌ನಲ್ಲೇ ಹಾಕಬಹುದು. ಅರ್ಜಿ ಶುಲ್ಕ 2024ರ ಏಪ್ರಿಲ್‌ನಲ್ಲಿ ಬದಲಾದಂತೆ ಆನ್‌ಲೈನ್‌ಗೆ 625 ಡಾಲರ್, ಕಾಗದದಲ್ಲಿ ಕಳಿಸಿದರೆ 675 ಡಾಲರ್. ಕಟ್ಟುವ ದಿನ ಇಲಾಖೆಯ ಶುಲ್ಕದ ಪುಟವನ್ನು ಒಮ್ಮೆ ನೋಡಿಕೊಳ್ಳಿ. ವಿದೇಶದಲ್ಲಿರುವವರಿಗೆ ಆನ್‌ಲೈನೇ ಒಳ್ಳೆಯದು. ಅಮೆರಿಕದಿಂದ ಬರುವ ಅಂಚೆಗಾಗಿ ಬಾಗಿಲಲ್ಲಿ ಕಾಯಬೇಕಿಲ್ಲ, ಎಲ್ಲ ಪತ್ರಗಳೂ ನಿಮ್ಮ ಖಾತೆಯಲ್ಲೇ ಕಾಣುತ್ತವೆ.

"ದೆಹಲಿಯ ಕಚೇರಿಯಲ್ಲಿ ನೇರವಾಗಿ ಕೊಟ್ಟರೆ ಬೇಗ ಆಗುತ್ತಂತೆ, ಅಲ್ವಾ?" ಎಂದು ಹಲವರು ಕೇಳುತ್ತಾರೆ. ಆ ದಾರಿ 2020ರ ಫೆಬ್ರವರಿ 1ರಿಂದ ಮುಚ್ಚಿದೆ. ತುರ್ತು ವೈದ್ಯಕೀಯ ಕಾರಣ, ಜೀವಕ್ಕೆ ಅಪಾಯ, ಹಠಾತ್ತನೆ ಬಂದ ಕೆಲಸದ ವರ್ಗಾವಣೆ ಇಂಥ ವಿಶೇಷ ಸಂದರ್ಭಗಳಲ್ಲಿ ಮಾತ್ರ ಕಾನ್ಸುಲೇಟ್‌ನವರು ಅರ್ಜಿಯನ್ನು ಅಲ್ಲೇ ತೆಗೆದುಕೊಳ್ಳಬಹುದು. ಅದೂ ಅವರ ಇಷ್ಟ.

ಅರ್ಜಿಯ ಜೊತೆ ಇಡಬೇಕಾದವು: ನಿಮ್ಮ ಅಮೆರಿಕನ್ ಪಾಸ್‌ಪೋರ್ಟ್ ಅಥವಾ ನ್ಯಾಚುರಲೈಸೇಷನ್ ಸರ್ಟಿಫಿಕೇಟ್ (ಅಂದರೆ ನೀವು ಸಿಟಿಜನ್ ಆದ ಪತ್ರ), ಮದುವೆ ಸರ್ಟಿಫಿಕೇಟ್, ಹಿಂದಿನ ಮದುವೆ ಮುಗಿದ ದಾಖಲೆ, ಇಬ್ಬರ ಫೋಟೊ, ಮತ್ತು ಸಂಸಾರ ನಿಜವಾದದ್ದು ಎನ್ನುವುದಕ್ಕೆ ಪುರಾವೆ. ಈ ಕೊನೆಯದು ನಮ್ಮ ಕೈಯಲ್ಲೇ ಇರುತ್ತದೆ. ಇಬ್ಬರ ಹೆಸರಿನ ಬಾಡಿಗೆ ಕರಾರು, ಜಂಟಿ ಬ್ಯಾಂಕ್ ಖಾತೆ, ಎಲ್‌ಐಸಿ ಪಾಲಿಸಿಯಲ್ಲಿ ಮತ್ತು ಪಿಎಫ್‌ನಲ್ಲಿ ನಾಮಿನಿ, ಒಂದೇ ವಿಳಾಸದ ಆಧಾರ್, ಮೆಡಿಕಲ್ ಇನ್ಶೂರೆನ್ಸ್‌ನಲ್ಲಿ ಸಂಗಾತಿಯ ಹೆಸರು, ಮಕ್ಕಳ ಜನನ ಪ್ರಮಾಣಪತ್ರ. ಫೋಟೊ ಹತ್ತು ಹದಿನೈದು ಸಾಕು. ಧಾರೆಯದ್ದು ಒಂದೆರಡು ಇರಲಿ. ಉಳಿದವು ಬೇರೆ ಬೇರೆ ವರ್ಷದ್ದಾಗಿರಲಿ, ಎರಡೂ ಕಡೆಯ ಮನೆಯವರು ಇರುವಂಥವಾಗಿರಲಿ. ಪ್ರತಿಯೊಂದರ ಕೆಳಗೆ ಯಾರು, ಎಲ್ಲಿ, ಯಾವಾಗ ಎಂದು ಬರೆಯಿರಿ. ಮದುವೆ ಆಲ್ಬಂನ ಇನ್ನೂರು ಪುಟ ಯಾರೂ ನೋಡುವುದಿಲ್ಲ.

ಫಾರ್ಮ್ ತುಂಬುವಾಗ ಎರಡು ಕಡೆ ನಿಧಾನಿಸಿ.

ಒಂದು, ಸಂಗಾತಿ ವೀಸಾಗೆ ಎಲ್ಲಿ ಅರ್ಜಿ ಹಾಕುತ್ತಾರೆ ಎಂಬ ಪ್ರಶ್ನೆ. ಅಮೆರಿಕದ ಒಳಗೇ ಗ್ರೀನ್ ಕಾರ್ಡಿಗೆ ಬದಲಾಯಿಸಿಕೊಳ್ಳುತ್ತಾರೆ ಎಂಬ ಆಯ್ಕೆಯೂ ಅಲ್ಲಿರುತ್ತದೆ. ಅದನ್ನು ಒತ್ತಿಬಿಟ್ಟರೆ ಅರ್ಜಿ ಪಾಸಾದ ಮೇಲೂ ಫೈಲು ಎನ್‌ವಿಸಿಗೆ ಹೋಗದೆ ಅಲ್ಲೇ ಕೂರುತ್ತದೆ. ಮತ್ತೆ ಐ-824 ಎಂಬ ಬೇರೆ ಫಾರ್ಮ್ ಹಾಕಿ, ಮತ್ತೆ ಶುಲ್ಕ ಕಟ್ಟಿ, ಮತ್ತೆ ಕಾಯಬೇಕು. ವಿದೇಶದ ಕಾನ್ಸುಲೇಟ್ ಎಂದು ಆರಿಸಿ, ಭಾರತದಲ್ಲಿರುವವರು ಮುಂಬೈ ಎಂದು ಬರೆಯಿರಿ.

ಇನ್ನೊಂದು, ಸಂಗಾತಿಯ ಹೆಸರನ್ನೂ ವಿಳಾಸವನ್ನೂ ಅವರ ಭಾಷೆಯ ಲಿಪಿಯಲ್ಲಿ ಬರೆಯಿರಿ ಎಂದು ಕೇಳುವ ಜಾಗ. ಇದನ್ನು ಖಾಲಿ ಬಿಡುವವರೇ ಹೆಚ್ಚು. ಕನ್ನಡದಲ್ಲೇ ಬರೆಯಿರಿ, ಅದನ್ನೇ ಅವರು ಕೇಳುತ್ತಿರುವುದು.

ಮಕ್ಕಳ ವಿಷಯ. ಸಿಟಿಜನ್‌ನ ಸಂಗಾತಿಗೆ ಹಾಕುವ ಅರ್ಜಿಯಲ್ಲಿ ಮಕ್ಕಳು ತಾವಾಗಿಯೇ ಸೇರಿಕೊಳ್ಳುವುದಿಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲ. ಸಂಗಾತಿಯ ಹಿಂದಿನ ಮದುವೆಯ ಮಗುವಿಗೆ ನೀವು ಬೇರೆಯೇ ಐ-130 ಹಾಕಬೇಕು. ಮಗುವಿಗೆ 18 ತುಂಬುವ ಮೊದಲು ನಿಮ್ಮಿಬ್ಬರ ಮದುವೆ ಆಗಿರಬೇಕು. ನಿಮ್ಮಿಬ್ಬರಿಗೇ ಭಾರತದಲ್ಲಿ ಹುಟ್ಟಿದ ಮಗುವಾದರೆ ಮೊದಲು ನೋಡಬೇಕಾದದ್ದು ಆ ಮಗು ಹುಟ್ಟಿನಿಂದಲೇ ಅಮೆರಿಕದ ಸಿಟಿಜನ್ ಆಗಿದೆಯೇ ಎಂದು. ಪಿಟಿಷನರ್ ಆದವರು ಮಗು ಹುಟ್ಟುವ ಮೊದಲು ಒಟ್ಟು ಐದು ವರ್ಷ, ಅದರಲ್ಲಿ ಎರಡು ವರ್ಷ ತಮ್ಮ 14ನೇ ವಯಸ್ಸಿನ ನಂತರ ಅಮೆರಿಕದಲ್ಲಿ ಇದ್ದಿದ್ದರೆ ಸಾಮಾನ್ಯವಾಗಿ ಮಗುವಿಗೆ ವೀಸಾ ಬೇಡ. ಕಾನ್ಸುಲೇಟ್‌ನಲ್ಲಿ ಸಿಆರ್‌ಬಿಎ ಎಂಬ ಜನನ ದಾಖಲೆ ಮತ್ತು ಅಮೆರಿಕನ್ ಪಾಸ್‌ಪೋರ್ಟ್ ಮಾಡಿಸಬೇಕು.

ಅರ್ಜಿ ಹಾಕಿದ ಮೇಲೆ ಈಚಿನ ವರ್ಷಗಳಲ್ಲಿ ವರ್ಷ ದಾಟುವುದು ಸಾಮಾನ್ಯ. ನಡುವೆ ಇನ್ನಷ್ಟು ಪುರಾವೆ ಕೇಳಿ ಪತ್ರ ಬರಬಹುದು. ಅದಕ್ಕೆ ಒಂದೇ ಸಲ ಉತ್ತರ ಕೊಡಲು ಅವಕಾಶ, ಹಾಗಾಗಿ ಕೇಳಿದ್ದೆಲ್ಲವನ್ನೂ ಒಟ್ಟಿಗೆ ಕೊಡಿ. "ಬೇಗ ಮಾಡಿಸಿಕೊಡುತ್ತೇವೆ" ಎನ್ನುವ ಏಜೆಂಟರನ್ನು ನಂಬಬೇಡಿ. ಫೈಲನ್ನು ಮುಂದಕ್ಕೆ ತಳ್ಳುವ ಶಕ್ತಿ ಅವರಿಗೆ ಇಲ್ಲ.

ಇನ್ನೊಂದು ಎಚ್ಚರಿಕೆ, ಇದನ್ನು ಕೈ ಮುಗಿದು ಹೇಳುತ್ತೇನೆ. ಕಾಯಲಾರದೆ ಸಂಗಾತಿಯನ್ನು ಟೂರಿಸ್ಟ್ ವೀಸಾದಲ್ಲಿ ಕರೆದುಕೊಂಡು ಹೋಗಿ ಅಲ್ಲೇ ಉಳಿಸಿಕೊಳ್ಳುವ ಯೋಚನೆ ಬೇಡ. ಬರಿ ನೋಡಿಬರಲು ಹೋಗುತ್ತಿದ್ದೇವೆ ಎಂದು ಹೇಳಿ ನೆಲೆಸಲು ಹೋದರೆ ಅದು ಸುಳ್ಳು ಹೇಳಿ ಒಳಬಂದ ಹಾಗೆ. ಆ ಕಳಂಕ ಜೀವನಪೂರ್ತಿ ಅಮೆರಿಕದ ಬಾಗಿಲು ಮುಚ್ಚಬಹುದು.

ಹಂತ 3: ಕಾಯುವ ಹೊತ್ತಿನಲ್ಲೇ ಟ್ಯಾಕ್ಸ್ ಮತ್ತು 'ಡೊಮಿಸೈಲ್'

ನಿಮ್ಮ ಗಮನವೆಲ್ಲ ಇಲ್ಲಿರಲಿ. ಐ-130 ಪಾಸಾಗುವವರೆಗೆ ಸುಮ್ನೆ ಕೂರಬೇಡಿ.

ಮೊದಲು ಟ್ಯಾಕ್ಸ್. ಅಮೆರಿಕದ ಸಿಟಿಜನ್ ಜಗತ್ತಿನ ಯಾವ ಮೂಲೆಯಲ್ಲಿದ್ದರೂ, ಆದಾಯ ಒಂದು ಮಟ್ಟ ದಾಟಿದರೆ ಅಲ್ಲಿನ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ರಿಟರ್ನ್ ಸಲ್ಲಿಸಬೇಕು. "ಭಾರತದಲ್ಲಿ ಟಿಡಿಎಸ್ ಹಿಡಿದಿದ್ದಾರೆ, ಇಲ್ಲಿ ರಿಟರ್ನ್ ಹಾಕಿದ್ದೇನೆ" ಎನ್ನುವುದು ಉತ್ತರವಲ್ಲ. ಮದುವೆಯಾಗಿ ಬೇರೆಯಾಗಿ ರಿಟರ್ನ್ ಹಾಕುವವರಿಗೆ ಆ ಮಟ್ಟ ಬರೀ 5 ಡಾಲರ್. ಅಂದರೆ ನಮ್ಮಲ್ಲಿ ಸಂಬಳ ಇರುವ ಎಲ್ಲರೂ ಹಾಕಲೇಬೇಕು. ಕಟ್ಟಬೇಕಾದ ಹಣ ಸೊನ್ನೆ ಇರಬಹುದು, ಆದರೂ ರಿಟರ್ನ್ ಬೇಕು. ವರ್ಷಗಳಿಂದ ಹಾಕಿಲ್ಲವೇ? ಗೊತ್ತಿಲ್ಲದೆ ಬಿಟ್ಟವರಿಗಾಗಿಯೇ ಸ್ಟ್ರೀಮ್‌ಲೈನ್ಡ್ ಎಂಬ ಕ್ರಮ ಇದೆ. ಹಿಂದಿನ ಮೂರು ವರ್ಷದ ರಿಟರ್ನ್, ಮತ್ತು ಆರು ವರ್ಷದ ಎಫ್‌ಬಿಎಆರ್ ಸಲ್ಲಿಸಬೇಕು. ಎಫ್‌ಬಿಎಆರ್ ಎಂದರೆ ಅಮೆರಿಕದ ಹೊರಗಿನ ನಿಮ್ಮ ಬ್ಯಾಂಕ್ ಖಾತೆಗಳ ವರದಿ. ಎಲ್ಲ ಖಾತೆ ಸೇರಿ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದ್ದರೆ ಅದು ಬೇಕು. ಎಫ್‌ಡಿಗಳೂ ಈ ಲೆಕ್ಕಕ್ಕೆ ಬರುತ್ತವೆ.

ಮದುವೆಯಾದ ಮೇಲೂ ರಿಟರ್ನ್‌ನಲ್ಲಿ 'ಸಿಂಗಲ್' ಎಂದು ಬರೆಯುತ್ತಾ ಬಂದಿದ್ದರೆ ತಿದ್ದಿ. ಒಂದು ಕಾಗದ ಮದುವೆಯಾಗಿದೆ ಎನ್ನುತ್ತಿರುವಾಗ ಇನ್ನೊಂದು ಆಗಿಲ್ಲ ಎನ್ನಬಾರದು.

ಈಗ ಡೊಮಿಸೈಲ್. ಕನ್ನಡದಲ್ಲಿ 'ಕಾಯಂ ವಾಸದ ನೆಲೆ' ಎನ್ನಬಹುದು. ಸಂಗಾತಿ ಸರ್ಕಾರಕ್ಕೆ ಹೊರೆಯಾಗದಂತೆ ನೋಡಿಕೊಳ್ಳುತ್ತೇನೆ ಎಂದು ನೀವು ಐ-864 ಎಂಬ ಫಾರ್ಮಿಗೆ ಸಹಿ ಹಾಕಬೇಕು. ಹಾಗೆ ಸಹಿ ಹಾಕುವವರ ನೆಲೆ ಅಮೆರಿಕದಲ್ಲಿರಬೇಕು ಎನ್ನುವುದು ಕಾನೂನು. ನೀವು ಇರುವುದು ಬೆಂಗಳೂರಿನಲ್ಲಿ. ಹಾಗಾದರೆ? ಸಂಗಾತಿ ಅಮೆರಿಕಕ್ಕೆ ಕಾಲಿಡುವ ದಿನದೊಳಗೆ ನೀವೂ ಅಲ್ಲಿ ನೆಲೆಸುತ್ತೀರಿ ಎಂದು ತೋರಿಸಿದರೆ ಸಾಕು. ಅಂದರೆ ನೀವು ಮೊದಲೇ ಹೋಗಬಹುದು, ಒಂದೇ ವಿಮಾನದಲ್ಲಿ ಹೋಗಬಹುದು. "ಅವಳು ಮೊದಲು ಹೋಗಲಿ, ನಾನು ಆಮೇಲೆ ಬರುತ್ತೇನೆ" ಎನ್ನುವಂತಿಲ್ಲ.

ಬರೀ ಬಾಯಿಮಾತು ಸಾಲದು. ಯಾವುದನ್ನು ಪುರಾವೆ ಎನ್ನುತ್ತಾರೆ? ನಡೆಯುತ್ತಿರುವ ಅಮೆರಿಕನ್ ಬ್ಯಾಂಕ್ ಖಾತೆ, ಚಾಲ್ತಿಯಲ್ಲಿರುವ ಅಲ್ಲಿನ ಡ್ರೈವಿಂಗ್ ಲೈಸೆನ್ಸ್, ವಿದೇಶದಿಂದ ಮತ ಹಾಕಿದ ದಾಖಲೆ, ಅಲ್ಲಿನ ಕೆಲಸದ ಆಫರ್ ಅಥವಾ ನೀವು ಅರ್ಜಿ ಹಾಕಿದ ಕೆಲಸಗಳ ಇಮೇಲ್, ಬಾಡಿಗೆ ಮನೆಯ ಕರಾರು, ಮಕ್ಕಳಿಗೆ ಶಾಲೆಯಲ್ಲಿ ಸೀಟು ಕೇಳಿದ ಪತ್ರ, ಸಾಮಾನು ಸಾಗಿಸಲು ಪಡೆದ ಕೊಟೇಶನ್. ಮನೆ ಇನ್ನೂ ಸಿಕ್ಕಿಲ್ಲದಿದ್ದರೆ, ಅಲ್ಲಿರುವ ಅಣ್ಣನೋ ಸ್ನೇಹಿತರೋ "ಇವರು ಬಂದು ನಮ್ಮ ಮನೆಯಲ್ಲಿರುತ್ತಾರೆ" ಎಂದು ಬರೆದ ಪತ್ರ, ಜೊತೆಗೆ ಆ ಮನೆ ಅವರದ್ದೇ ಎನ್ನುವ ದಾಖಲೆ. ಇಲ್ಲಿನ ಬಂಧ ಬಿಡಿಸಿಕೊಳ್ಳುತ್ತಿರುವುದನ್ನೂ ತೋರಿಸಬಹುದು: ಈಗಾಗಲೇ ಕೆಲಸಕ್ಕೆ ನೋಟಿಸ್ ಕೊಟ್ಟಿದ್ದರೆ ಅದು, ಮನೆ ಖಾಲಿ ಮಾಡುವ ಪತ್ರ. ಆದರೆ ಈ ಪುರಾವೆಗಾಗಿಯೇ ವೀಸಾಗೆ ಮೊದಲು ಕೆಲಸ ಬಿಡಬೇಡಿ.

ನಾನು ಒಂದು ಪುಟದ ಪತ್ರ ಬರೆದೆ. ಏಕೆ ಭಾರತಕ್ಕೆ ಬಂದೆ, ಏಕೆ ವಾಪಸ್ ಹೋಗುತ್ತಿದ್ದೇವೆ, ಯಾವ ಊರಿಗೆ, ಮೊದಲ ಆರು ತಿಂಗಳು ಎಲ್ಲಿರುತ್ತೇವೆ, ದುಡಿಮೆ ಏನು. ಪ್ರತಿ ಸಾಲಿಗೂ ಒಂದು ಕಾಗದ ಲಗತ್ತಿಸಿದೆ. ಪುರಾವೆಗಳ ಕಂತೆಗಿಂತ ಆ ಪತ್ರವೇ ಹೆಚ್ಚು ಕೆಲಸ ಮಾಡಿತು ಎಂದು ನನಗನ್ನಿಸುತ್ತದೆ. ಓದುವ ಅಧಿಕಾರಿಗೆ ಕಾಗದಗಳ ನಡುವಿನ ಸಂಬಂಧ ಅದರಿಂದ ಗೊತ್ತಾಗುತ್ತದೆ.

ಹಂತ 4: ಐ-864, ಅಂದರೆ ಹಣದ ಹೊಣೆ

ನಿಮ್ಮ ಆದಾಯ ಅಮೆರಿಕ ಸರ್ಕಾರ ಪ್ರತಿವರ್ಷ ಪ್ರಕಟಿಸುವ ಬಡತನದ ಮಟ್ಟದ ಶೇ. 125ರಷ್ಟಾದರೂ ಇರಬೇಕು. 2025ರ ಪಟ್ಟಿಯಂತೆ ಗಂಡ ಹೆಂಡತಿ ಇಬ್ಬರಿಗೆ 26,437 ಡಾಲರ್, ಒಂದು ಮಗು ಸೇರಿದರೆ 33,312 ಡಾಲರ್. ಅಲಾಸ್ಕಾ, ಹವಾಯಿಗೆ ಬೇರೆ ಅಂಕಿ. ಪ್ರತಿವರ್ಷ ಹೊಸದು ಬರುತ್ತದೆ, ಸಹಿ ಹಾಕುವಾಗಿನ ಪಟ್ಟಿ ನೋಡಿ.

ಬೆಂಗಳೂರಿನಲ್ಲಿ ಒಳ್ಳೆಯ ಸಂಬಳ ಇದೆ, ಚಿಂತೆ ಇಲ್ಲ ಎಂದು ಬಹಳ ಮಂದಿ ನಂಬಿಕೊಂಡಿರುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ, ಫಾರ್ಮಿನಲ್ಲಿ ಇಲ್ಲಿನ ಸಂಬಳವನ್ನೇ ಬರೆದೆ, ಅದು ತಿದ್ದುಪಡಿಗೆ ವಾಪಸ್ ಬಂತು. ಅಮೆರಿಕಕ್ಕೆ ಹೋದ ಮೇಲೂ ಅದೇ ಮೂಲದಿಂದ ಮುಂದುವರಿಯುವ ಆದಾಯ ಮಾತ್ರ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಕಂಪನಿ ಅಲ್ಲಿನ ಆಫೀಸಿಗೆ ವರ್ಗ ಮಾಡುತ್ತಿದ್ದರೆ, ಅಥವಾ ಅಲ್ಲಿಂದಲೇ ಕೆಲಸ ಮುಂದುವರಿಸಲು ಒಪ್ಪಿದ್ದರೆ, ಅವರಿಂದ ಸಂಬಳ ನಮೂದಿಸಿದ ಪತ್ರ ತೆಗೆದುಕೊಳ್ಳಿ. ಕೆಲಸ ಬಿಟ್ಟು ಹೋಗುವುದಾದರೆ ಈಗಿನ ಆದಾಯದ ಜಾಗದಲ್ಲಿ ಸೊನ್ನೆ ಬರೆಯಬೇಕು. ಮನಸ್ಸಿಗೆ ಕಸಿವಿಸಿಯಾದರೂ ಅದೇ ಸರಿ. ವಿದೇಶಿ ಸಂಬಳಕ್ಕೆ ವಿನಾಯಿತಿ ಪಡೆದವರ ರಿಟರ್ನ್‌ನಲ್ಲಿ ಒಟ್ಟು ಆದಾಯ ತೀರಾ ಕಡಿಮೆ ಕಾಣುತ್ತದೆ. ಅದಕ್ಕೆ ಹೆದರಬೇಡಿ, ವಿನಾಯಿತಿ ಕೇಳಿದ 2555 ಫಾರ್ಮನ್ನೂ ಜೊತೆಗಿಡಿ.

ಆದಾಯ ಸಾಲದಿದ್ದರೆ ಎರಡು ದಾರಿಗಳಿವೆ.

ಮೊದಲನೆಯದು ಆಸ್ತಿ. ಸಿಟಿಜನ್‌ನ ಸಂಗಾತಿಯ ವಿಷಯದಲ್ಲಿ ಕೊರತೆಯ ಮೂರು ಪಟ್ಟು ಆಸ್ತಿ ತೋರಿಸಬೇಕು. ಇಬ್ಬರೇ ಇದ್ದು ಆದಾಯ ಪೂರ್ತಿ ಸೊನ್ನೆ ಎಂದರೆ, 2025ರ ಲೆಕ್ಕದಲ್ಲಿ 79,311 ಡಾಲರ್. ಎಫ್‌ಡಿ, ಮ್ಯೂಚುವಲ್ ಫಂಡ್, ಸೈಟು, ಫ್ಲ್ಯಾಟು ಎಲ್ಲ ಬರುತ್ತವೆ. ಸಂಗಾತಿಯ ಹೆಸರಿನಲ್ಲಿರುವ ಆಸ್ತಿಯನ್ನೂ ಸೇರಿಸಬಹುದು. ಆದರೆ ಒಂದು ವರ್ಷದೊಳಗೆ ಮಾರಿ ಹಣ ಮಾಡಿಕೊಳ್ಳುವಂತಿರಬೇಕು, ಆ ಹಣವನ್ನು ದೇಶದಿಂದ ಹೊರಗೆ ಒಯ್ಯಲು ಆಗುವಂತಿರಬೇಕು. ಫ್ಲ್ಯಾಟ್ ತೋರಿಸುವುದಾದರೆ ಕ್ರಯಪತ್ರ, ಈಚಿನ ಇ.ಸಿ., ಸರ್ಕಾರದ ಮಾನ್ಯತೆ ಇರುವ ವ್ಯಾಲ್ಯುಯರ್ ವರದಿ ಇಡಿ, ಬಾಕಿ ಇರುವ ಹೋಮ್ ಲೋನ್ ಕಳೆಯಿರಿ. ಅಪ್ಪನ ಹೆಸರಿನ ಪಿತ್ರಾರ್ಜಿತ ತೋಟ ಇನ್ನೂ ಭಾಗವಾಗಿಲ್ಲದಿದ್ದರೆ ಅದನ್ನು ಇಲ್ಲಿ ತರಬೇಡಿ.

ಎರಡನೆಯದು ಜಾಯಿಂಟ್ ಸ್ಪಾನ್ಸರ್. ಅಮೆರಿಕದಲ್ಲಿ ನೆಲೆಸಿರುವ, 18 ತುಂಬಿದ, ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವ ಯಾರಾದರೂ ನಿಮ್ಮ ಜೊತೆ ಹೊಣೆ ಹೊರಬಹುದು. ಆದರೂ ನೀವು ನಿಮ್ಮ ಐ-864 ತುಂಬಲೇಬೇಕು. ನಿಮ್ಮ ಡೊಮಿಸೈಲ್ ಕೊರತೆಯನ್ನು ಅವರು ತುಂಬಲಾರರು, ಅವರು ತುಂಬುವುದು ಹಣದ ಕೊರತೆ ಮಾತ್ರ. ಕೇಳುವ ಮೊದಲು ಅವರಿಗೆ ಪೂರ್ತಿ ವಿಷಯ ಹೇಳಿ. ಸಂಗಾತಿ ಸಿಟಿಜನ್ ಆಗುವವರೆಗೆ, ಅಥವಾ ಸುಮಾರು ಹತ್ತು ವರ್ಷದ ದುಡಿಮೆಗೆ ಸಮನಾದ 40 ತ್ರೈಮಾಸಿಕ ಲೆಕ್ಕ ತುಂಬುವವರೆಗೆ ಈ ಹೊಣೆ ಇರುತ್ತದೆ. ಡೈವೋರ್ಸ್ ಆದರೂ ಹೋಗುವುದಿಲ್ಲ. "ಸುಮ್ನೆ ಒಂದು ಸಹಿ" ಎಂದು ಹೇಳಿ ಹಾಕಿಸಿಕೊಳ್ಳುವುದು ನಂಟರಿಗೆ ಮಾಡುವ ಅನ್ಯಾಯ.

ಹಂತ 5: ಎನ್‌ವಿಸಿ

ಐ-130 ಪಾಸಾದ ಮೇಲೆ ಎನ್‌ವಿಸಿಯಿಂದ ಇಮೇಲ್ ಬರುತ್ತದೆ. ಮುಂಬೈಗೆ ಹೋಗುವ ಕೇಸಿನ ಸಂಖ್ಯೆ 'ಬಿಎಂಬಿ' ಅಕ್ಷರಗಳಿಂದ ಶುರುವಾಗುತ್ತದೆ. ಇಮೇಲ್ ಸ್ಪ್ಯಾಮ್ ಫೋಲ್ಡರಿನಲ್ಲಿ ಬಿದ್ದಿರಬಹುದು, ನೋಡುತ್ತಿರಿ. ಒಂದು ವರ್ಷ ಯಾವ ಸಂಪರ್ಕವೂ ಇಲ್ಲದಿದ್ದರೆ ಕೇಸನ್ನೇ ಮುಚ್ಚಬಹುದು.

ಇಲ್ಲಿ ಎರಡು ಶುಲ್ಕ: ವೀಸಾ ಅರ್ಜಿಗೆ 325 ಡಾಲರ್, ಐ-864 ಪರಿಶೀಲನೆಗೆ 120 ಡಾಲರ್. ಇದನ್ನು ಅಮೆರಿಕದ ಬ್ಯಾಂಕ್ ಖಾತೆಯಿಂದಲೇ ಕಟ್ಟಬೇಕು. ನಮ್ಮ ಡೆಬಿಟ್ ಕಾರ್ಡ್, ಯುಪಿಐ ಯಾವುದೂ ನಡೆಯುವುದಿಲ್ಲ. ಭಾರತಕ್ಕೆ ಬರುವಾಗ ಅಲ್ಲಿನ ಖಾತೆ ಮುಚ್ಚಿ ಬಂದವರು ಇಲ್ಲಿ ಪರದಾಡುತ್ತಾರೆ. ಖಾತೆ ಇದ್ದರೆ ಡೊಮಿಸೈಲ್‌ಗೂ ಅದೇ ಪುರಾವೆಯಾಗುತ್ತದೆ, ಮುಚ್ಚಬೇಡಿ.

ಆಮೇಲೆ ಡಿಎಸ್-260, ವಲಸೆ ವೀಸಾದ ಮುಖ್ಯ ಅರ್ಜಿ. ಸಂಗಾತಿಯ 16ನೇ ವಯಸ್ಸಿನಿಂದ ಇಲ್ಲಿಯವರೆಗಿನ ಎಲ್ಲ ವಿಳಾಸ, ಹಳೆಯ ಕೆಲಸಗಳು, ಐದು ವರ್ಷಗಳಲ್ಲಿ ಬಳಸಿದ ಸೋಶಿಯಲ್ ಮೀಡಿಯಾ ಹೆಸರುಗಳು ಎಲ್ಲ ಕೇಳುತ್ತದೆ. ಹಾಸ್ಟೆಲ್, ಪಿಜಿ ವಿಳಾಸಗಳನ್ನೂ ಬಿಡಬೇಡಿ. ಹಿಂದೆ ಯಾವುದಾದರೂ ವೀಸಾ ರಿಜೆಕ್ಟ್ ಆಗಿದ್ದರೆ ಹೇಳಿ. ಅವರ ಬಳಿ ದಾಖಲೆ ಇದ್ದೇ ಇರುತ್ತದೆ.

ಕಾಗದಪತ್ರಗಳಲ್ಲಿ ಜನ ಎಡವುವುದು ಮುಖ್ಯವಾಗಿ ಎರಡರಲ್ಲಿ.

ಜನನ ಪ್ರಮಾಣಪತ್ರ. ಹಳ್ಳಿಯಲ್ಲಿ, ಮನೆಯಲ್ಲೇ ಹುಟ್ಟಿದ ಎಷ್ಟೋ ಜನರ ಹೆಸರು ರಿಜಿಸ್ಟರಿನಲ್ಲಿ ಇರುವುದಿಲ್ಲ. ಅಥವಾ ಹುಟ್ಟು ದಾಖಲಾಗಿರುತ್ತದೆ, ಮಗುವಿನ ಹೆಸರಿರುವುದಿಲ್ಲ. ಮೊದಲು ಹೆಸರು ಸೇರಿಸಲು ಪ್ರಯತ್ನಿಸಿ. ದಾಖಲೆಯೇ ಇಲ್ಲ ಎಂದಾದರೆ, ಹುಟ್ಟು ದಾಖಲಾಗಿಲ್ಲ ಎಂಬ ಪತ್ರವನ್ನು ಅಲ್ಲಿನ ಜನನ ಮರಣ ನೋಂದಣಿ ಕಚೇರಿಯಿಂದ ಪಡೆಯಿರಿ. ಅದರ ಜೊತೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಶಾಲೆಯ ದಾಖಲೆ, ತಂದೆ ತಾಯಿಯ ಅಫಿಡವಿಟ್ ಇಡಿ. ಈಚೆಗೆ, ತಡವಾಗಿ ನೋಂದಣಿ ಮಾಡಿಸಿದ ಸರ್ಟಿಫಿಕೇಟ್ ಆದರೂ ಶಾಲೆಯ ದಾಖಲೆ ಜೊತೆಗಿರಲಿ.

ಪೊಲೀಸ್ ಕ್ಲಿಯರೆನ್ಸ್, ಅಂದರೆ ಪಿಸಿಸಿ. ಭಾರತದ್ದನ್ನು ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ಪಡೆಯಬೇಕು, ಠಾಣೆಯಿಂದ ತಂದ ಪತ್ರ ನಡೆಯುವುದಿಲ್ಲ. 16 ತುಂಬಿದ ಮೇಲೆ ಬೇರೆ ದೇಶದಲ್ಲಿ 12 ತಿಂಗಳು ಅಥವಾ ಹೆಚ್ಚು ಇದ್ದಿದ್ದರೆ ಆ ದೇಶದ್ದೂ ಬೇಕು. ದುಬೈ, ಮಸ್ಕತ್, ಲಂಡನ್ ಎಲ್ಲಿಯೇ ಆಗಲಿ, ಆ ದೇಶ ಬಿಡುವ ಮೊದಲೇ ಅಲ್ಲಿನದನ್ನು ಮಾಡಿಸಿಕೊಂಡರೆ ಅರ್ಧ ತಲೆನೋವು ಕಡಿಮೆ. ಎರಡು ವರ್ಷಕ್ಕಿಂತ ಹಳೆಯ ಪಿಸಿಸಿ ಒಪ್ಪುವುದಿಲ್ಲ. ಆ ದೇಶಕ್ಕೆ ಮತ್ತೆ ಹೋಗಿಯೇ ಇಲ್ಲದಿದ್ದರೆ ಮಾತ್ರ ಹಳೆಯದು ನಡೆಯುತ್ತದೆ.

ಕನ್ನಡದಲ್ಲಿರುವ ಪ್ರತಿ ದಾಖಲೆಗೂ ಇಂಗ್ಲಿಷ್ ಅನುವಾದ ಬೇಕು. ಅನುವಾದಿಸಿದವರು ತಮಗೆ ಎರಡೂ ಭಾಷೆ ಬರುತ್ತದೆ, ಅನುವಾದ ಸರಿಯಾಗಿದೆ ಎಂದು ಬರೆದು ಸಹಿ ಹಾಕಬೇಕು. ಹಿಂಬದಿಯಲ್ಲಿ ಮುದ್ರೆ ಇದ್ದರೆ ಆ ಪುಟವನ್ನೂ ಸ್ಕ್ಯಾನ್ ಮಾಡಿ.

ಎಲ್ಲ ಸರಿಯಿದೆ ಎಂದಾಗ 'ಡಾಕ್ಯುಮೆಂಟರಿಲಿ ಕ್ವಾಲಿಫೈಡ್' ಎಂಬ ಸಂದೇಶ ಬರುತ್ತದೆ. ಅಲ್ಲಿಂದ ಸಂದರ್ಶನದ ದಿನಾಂಕಕ್ಕೆ ಕಾಯುವುದು.

ಹಂತ 6: ಮೆಡಿಕಲ್ ಮತ್ತು ಸಂದರ್ಶನ

2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು. ಅದನ್ನು ಓದಿ "ಇನ್ನು ಮುಂಬೈಗೆ ಹೋಗೋದು ಬೇಡ, ಅಲ್ವಾ?" ಎಂದು ಕೇಳಿದವರಿದ್ದಾರೆ. ಅದು ವೀಸಾ ಸೇವೆ ಇಲ್ಲದೆ ಶುರುವಾದ ಕಚೇರಿ. ನಿಮ್ಮ ಸಂದರ್ಶನ ಎಲ್ಲಿ ಎಂದು ಅಪಾಯಿಂಟ್‌ಮೆಂಟ್ ಪತ್ರದಲ್ಲಿರುತ್ತದೆ, ಅದನ್ನು ನೋಡಿಯೇ ಟಿಕೆಟ್ ಮಾಡಿಸಿ. 2025ರ ನವೆಂಬರ್ 1ರಿಂದ ವಲಸೆ ವೀಸಾ ಸಂದರ್ಶನವನ್ನು ಅರ್ಜಿದಾರರು ವಾಸವಾಗಿರುವ ದೇಶದಲ್ಲಿ, ಅಥವಾ ಕೇಳಿಕೊಂಡರೆ ಅವರ ಪೌರತ್ವದ ದೇಶದಲ್ಲಿ ನಡೆಸುತ್ತಾರೆ. ಇಬ್ಬರೂ ದುಬೈನಲ್ಲಿರುವವರಿಗೆ ಇದು ಮುಖ್ಯ.

ಮೆಡಿಕಲ್ ತಪಾಸಣೆ ಕಾನ್ಸುಲೇಟ್ ಪಟ್ಟಿಯಲ್ಲಿರುವ ವೈದ್ಯರ ಬಳಿಯೇ ಆಗಬೇಕು. ಲಸಿಕೆಗಳ ದಾಖಲೆ ಒಯ್ಯಿರಿ. ಹಿಂದೆ ಟಿಬಿ ಆಗಿ ವಾಸಿಯಾಗಿದ್ದರೆ ಹಳೆಯ ಎಕ್ಸ್‌ರೇ, ಚಿಕಿತ್ಸೆಯ ಚೀಟಿ ಎಲ್ಲ ತೆಗೆದುಕೊಂಡು ಹೋಗಿ. ಎಕ್ಸ್‌ರೇನಲ್ಲಿ ಗುರುತು ಕಂಡರೆ ಕಫದ ಕಲ್ಚರ್ ಪರೀಕ್ಷೆ ಮಾಡುತ್ತಾರೆ, ಅದರ ಫಲಿತಾಂಶಕ್ಕೆ ಎಂಟು ವಾರ ಹಿಡಿಯಬಹುದು. ಹಾಗಾಗಿ ಮೆಡಿಕಲ್ ಅನ್ನು ಸಂದರ್ಶನದ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ.

ಸಂದರ್ಶನಕ್ಕೆ ಅಪ್‌ಲೋಡ್ ಮಾಡಿದ ಎಲ್ಲದರ ಅಸಲು ಪ್ರತಿ ಬೇಕು. ಪ್ರಶ್ನೆಗಳು ಸಾಮಾನ್ಯವಾಗಿ ಸರಳ: ಹೇಗೆ ಪರಿಚಯ, ಮದುವೆ ಎಲ್ಲಿ, ಎಲ್ಲಿ ವಾಸ, ಅಲ್ಲಿ ಹೋಗಿ ಎಲ್ಲಿರುತ್ತೀರಿ. ಕೊನೆಯ ಪ್ರಶ್ನೆಗೆ ನಿಮ್ಮ ಡೊಮಿಸೈಲ್ ಪತ್ರದಲ್ಲಿರುವ ಊರಿನ ಹೆಸರೇ ಸಂಗಾತಿಯ ಬಾಯಲ್ಲೂ ಬರಬೇಕು. ಆ ಪತ್ರವನ್ನು ಅವರಿಗೆ ಓದಿಸಿರಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲಿ, ಊಹಿಸಿ ಹೇಳುವುದು ಬೇಡ.

221(ಜಿ) ಎಂದು ಬರೆದ ಕಾಗದ ಕೊಟ್ಟರೆ ಕಂಗಾಲಾಗಬೇಡಿ. ಇನ್ನೂ ಏನೋ ದಾಖಲೆ ಬೇಕು ಅಥವಾ ಪರಿಶೀಲನೆ ಬಾಕಿ ಇದೆ ಎಂದು ಅರ್ಥ. ಕೇಳಿದ್ದನ್ನು ಬೇಗ ಕಳಿಸಿ. ವೀಸಾ ಕೈಗೆ ಬರುವವರೆಗೆ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ, ಮನೆ ಮಾರಬೇಡಿ, ವಾಪಸ್ ಹಣ ಸಿಗದ ಟಿಕೆಟ್ ಮಾಡಿಸಬೇಡಿ.

ಹಂತ 7: ವೀಸಾ ಬಂದ ಮೇಲೆ

ವೀಸಾದಲ್ಲಿ ಕೊನೆಯ ದಿನಾಂಕ ಇರುತ್ತದೆ, ಹೆಚ್ಚೆಂದರೆ ಆರು ತಿಂಗಳು. ಮೆಡಿಕಲ್ ಹಳೆಯದಾಗಿದ್ದರೆ ಇನ್ನೂ ಕಡಿಮೆ. ಅಷ್ಟರೊಳಗೆ ಹೊರಡಬೇಕು. ಹೊರಡುವ ಮೊದಲು 235 ಡಾಲರ್ ವಲಸೆ ಶುಲ್ಕವನ್ನು ಆನ್‌ಲೈನ್‌ನಲ್ಲಿ ಕಟ್ಟಿ. ಗ್ರೀನ್ ಕಾರ್ಡ್ ಮುದ್ರಣವಾಗುವುದು ಈ ಹಣ ಬಂದ ಮೇಲೆಯೇ.

ಮದುವೆಯ ಎರಡನೇ ವರ್ಷ ಮುಗಿಯಲು ಕೆಲವೇ ವಾರ ಉಳಿದಿದ್ದರೆ, ವೀಸಾ ಅವಧಿ ಮೀರದಂತೆ ನೋಡಿಕೊಂಡು, ಆ ದಿನ ದಾಟಿದ ಮೇಲೆ ಪ್ರಯಾಣ ಮಾಡಿ. ವಿಮಾನ ನಿಲ್ದಾಣದ ಅಧಿಕಾರಿಗೆ ಮದುವೆ ಸರ್ಟಿಫಿಕೇಟ್ ತೋರಿಸಿ ಐಆರ್-1 ಎಂದು ದಾಖಲಿಸಲು ಕೇಳಿ. ಹತ್ತು ವರ್ಷದ ಕಾರ್ಡ್ ಸಿಗುತ್ತದೆ, ಮುಂದಿನ ಒಂದು ದೊಡ್ಡ ಅರ್ಜಿಯ ಕೆಲಸ ತಪ್ಪುತ್ತದೆ.

ಸಿಆರ್-1ರಲ್ಲೇ ಒಳಗೆ ಹೋದವರು ಎರಡು ವರ್ಷದ ಕಾರ್ಡ್ ಮುಗಿಯುವ ಮೊದಲಿನ 90 ದಿನಗಳೊಳಗೆ ಐ-751 ಎಂಬ ಅರ್ಜಿ ಹಾಕಬೇಕು. ಇಬ್ಬರೂ ಸಹಿ ಮಾಡಬೇಕು, ಮತ್ತೆ ಸಂಸಾರದ ಪುರಾವೆ ಕೊಡಬೇಕು. ಕಾರ್ಡ್ ಕೈಗೆ ಬಂದ ದಿನವೇ ಆ 90 ದಿನದ ಮೊದಲ ತಾರೀಖನ್ನು ಇಬ್ಬರ ಫೋನಿನಲ್ಲೂ ಹಾಕಿಡಿ. ಇಳಿದ ವಾರದಿಂದಲೇ ಬಾಡಿಗೆ ಕರಾರು, ಕರೆಂಟ್ ಬಿಲ್, ಬ್ಯಾಂಕ್ ಖಾತೆಗಳನ್ನು ಇಬ್ಬರ ಹೆಸರಿನಲ್ಲಿ ಮಾಡಿಸಿ, ಅವುಗಳ ಪ್ರತಿಯನ್ನು ಒಂದು ಫೈಲಿನಲ್ಲಿ ಸೇರಿಸುತ್ತಾ ಹೋಗಿ.